ಹುಷಾರಾದ ಮನೆ

ಇದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂದು ಯಾರಾದರೂ ಕೇಳಿದರೆ ಇಲ್ಲವೆಂದೇ ಹೇಳಬೇಕು. ಮಾತು ಬಲ್ಲವರು ನಮ್ಮೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನಾದರೋ ಒಂದು ವಾಕ್ಯ ಬರೆದು, ಅದು ಸರಿಯೋ ತಪ್ಪೋ ಎಂದು ಯೋಚಿಸುತ್ತ ಒಲೆಯ ಮೇಲಿನ ಹಾಲು ಉಕ್ಕಿಸುವವಳು. ಆದರೆ ಈ ಸಂಗತಿ ನಡೆದದ್ದು ನನ್ನ ಮನೆಯಲ್ಲಿ. ಬೇರೆಯವರು ಆಗಲೇ ಹೇಳತೊಡಗಿದ್ದಾರೆ, ಅವರ ಬಾಯಲ್ಲಿ ನನ್ನ ಅತ್ತೆ ಆಕಾಶಕ್ಕೆ ಹಾರಿ, ಮೋಡದ ಮೇಲೆ ಕಾಲು ಚಾಚಿ ಎಲೆಅಡಿಕೆ ಹಾಕುತ್ತಿದ್ದಾರೆ. ಅಷ್ಟೆಲ್ಲ ಆಗಲಿಲ್ಲ. ಆದದ್ದನ್ನಷ್ಟೇ ಹೇಳಲು ನೋಡುತ್ತೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮೂರಿನಲ್ಲಿ ಮನೆ ಕಟ್ಟುವುದಿಲ್ಲ, ಬೆಳೆಸುತ್ತಾರೆ. ಹೊಸದಾಗಿ ಸಂಸಾರ ಹೂಡುವವರು ಹಿರಿಯರ ಮನೆಯ ಗೋಡೆಯಿಂದ ಒಂದು ರೊಟ್ಟಿಯಗಲದ ತುಂಡು ಕೊಯ್ದು ತಂದು, ಒದ್ದೆ ಹೊಟ್ಟು ಹರಡಿದ ಜಾಗದಲ್ಲಿ ಊರುತ್ತಾರೆ. ಅಣಬೆಯಲ್ಲವೇ, ತಾನಾಗಿ ಏಳುತ್ತದೆ. ಗೋಡೆ ನಿಲ್ಲುತ್ತದೆ, ಬಾಗಿಲು ಬಿಡುತ್ತದೆ, ಛಾವಣಿ ಮಡಚಿದ ಕೊಡೆಯ ಹಾಗೆ ಮೇಲೆ ಕೂರುತ್ತದೆ. ತುಂಡಿನ ಜೊತೆ ಹಿರಿಯರ ಮನೆಯ ಜ್ವರವೂ ಬರುತ್ತದೆ. ಜ್ವರವಿದ್ದರೇ ಮನೆ ಮನೆಯಾಗಿರುವುದು. ಸಣ್ಣಗೆ ಮೈ ಬಿಸಿಯಿರುವ ಮನೆಗೆ ಬೆಳೆಯುವ ಉಮೇದು ಇರುವುದಿಲ್ಲ. ಮುದುಡಿ ಕೂತು ನಮ್ಮನ್ನು ಬಾಳಗೊಡುತ್ತದೆ. ಹಾಗಾಗಿ ಬೀದಿಯಲ್ಲಿ ಎದುರಾದವರು, "ಮನೆಗೆ ಹುಷಾರಿಲ್ಲ ತಾನೇ?" ಎಂದು ವಿಚಾರಿಸುತ್ತಾರೆ. "ದೇವರ ದಯೆ, ಏನೇನೂ ಹುಷಾರಿಲ್ಲ" ಎನ್ನುತ್ತೇವೆ. ಹುಷಾರಾದ ಮನೆಯ ಕಥೆ ಬೇರೆ. ಅದು ಬೆಳೆದು ಬೆಳೆದು, ಒಂದು ದಿನ ಛಾವಣಿಯ ಕೊಡೆ ಬಿಚ್ಚಿ, ಗೋಡೆ ಸಮೇತ ಬಿಳಿ ಪುಡಿಯಾಗಿ ಗಾಳಿಯಲ್ಲಿ ಹೊರಟುಹೋಗುತ್ತದೆ. ಜನ, ಹಾಸಿಗೆ, ಪಾತ್ರೆ ಪಡಗ ಬಯಲಿನಲ್ಲಿ ಉಳಿಯುತ್ತವೆ.

ಆ ಬೆಳಿಗ್ಗೆ ನಾನು ಅಡುಗೆಮನೆಗೆ ಹೋಗಿ ಒಗ್ಗರಣೆ ಡಬ್ಬಿಗೆ ಕೈ ಚಾಚಿದೆ. ಸಿಗಲಿಲ್ಲ. ತುದಿಗಾಲಲ್ಲಿ ನಿಂತೆ, ಆಗಲೂ ಸಿಗಲಿಲ್ಲ. ನಾನೇ ಕುಗ್ಗಿದೆನೇನೋ ಎಂದು ಮೊದಲು ನನ್ನ ಮೇಲೇ ಅನುಮಾನ ಬಂತು. ನನ್ನ ಸ್ವಭಾವ ಹಾಗೆ. ಅಷ್ಟರಲ್ಲಿ ಒಳಗಿನಿಂದ ಅತ್ತೆ ಹಾಲಮ್ಮನವರ ಕೂಗು ಕೇಳಿಸಿತು.

"ಕುಸುಮಾ, ಬಾರೇ ಇಲ್ಲಿ! ಒಂದು ಕೋಣೆ ಬಂದಿದೆ!"

ಅವರ ಮಂಚದ ಹಿಂದಿನ ಗೋಡೆಯಲ್ಲಿ ನಿನ್ನೆ ಇಲ್ಲದ ಬಾಗಿಲೊಂದು ಬಿಟ್ಟಿತ್ತು. ಒಳಗೆ ಪುಟ್ಟ ಕೋಣೆ, ವೀಳ್ಯದೆಲೆಯ ಆಕಾರದ ಕಿಟಕಿ. ಹಿಟ್ಟು ಹುದುಗಿದ ಘಮ ಮೂಗಿಗೆ ಬಡಿದು ನನಗೆ ಯಾಕೋ ನಗು ಬಂತು. ನನ್ನ ಗಂಡ ಓಂಕಾರಿ ಹಲ್ಲುಜ್ಜುತ್ತಲೇ ಓಡಿಬಂದು, ಬಾಯಿತುಂಬ ನೊರೆಯಿಟ್ಟುಕೊಂಡು ಗೋಡೆಯನ್ನು ಗೇಣು ಹಾಕಿ ಅಳೆದರು. ಪೇಟೆಯಲ್ಲಿ ಬಳೆ ಅಂಗಡಿ ಇಟ್ಟವರು. ಎಂಥ ಕೈಯನ್ನಾದರೂ ನೋಡಿದೊಡನೆ ಅಳತೆ ಹೇಳುವ ಜಂಬ ಅವರಿಗೆ.

"ಬೆಳೀತಿದೆ ಕಣೇ!" ಎಂದರು. "ಊರಲ್ಲಿ ಎಲ್ಲರ ಮನೆನೂ ರೋಗಿಷ್ಠ. ನಮ್ಮದು ನೋಡು, ಗಟ್ಟಿಮುಟ್ಟು!"

"ರೀ, ಅದಕ್ಕೇ ಭಯ ಆಗೋದು."

"ನಿನಗೆ ಹಬ್ಬದ ದಿನ ಹೋಳಿಗೆ ಉಬ್ಬಿದರೂ ಭಯ."

ಆಮೇಲಿನ ದಿನಗಳನ್ನು ಹೇಗೆ ಹೇಳುವುದೋ ತಿಳಿಯುತ್ತಿಲ್ಲ. ಮನೆ ಹುಚ್ಚು ಹಿಡಿದಂತೆ ಬೆಳೆಯಿತು. ಹಜಾರದಿಂದ ಎದ್ದ ಮೆಟ್ಟಿಲು ಮೂರು ಸುತ್ತು ಸುತ್ತಿ, ಗುರಿ ಮರೆತವರಂತೆ ಬಚ್ಚಲಿಗೇ ಇಳಿಯಿತು. ದೇವರ ಮನೆಯ ಮೇಲೆ ಒಳಮುಖವಾಗಿ ಒಂದು ಬಾಲ್ಕನಿ ಬಂತು. ಅಲ್ಲಿ ನಿಂತರೆ ನಮ್ಮ ಅಡುಗೆಮನೆಯನ್ನು ನಾವೇ ಇಣುಕಿ ನೋಡಬಹುದಿತ್ತು. ಬೀದಿಯವರೆಲ್ಲ ನೋಡಲು ಬಂದರು. ಬಂದವರು ಆ ಘಮಕ್ಕೆ ಸಿಕ್ಕು ಹೋಗಲೊಲ್ಲದೆ ನಿಂತರು. ಯಾವಾಗಲೂ ಮುಖ ಗಂಟು ಹಾಕಿಕೊಂಡಿರುವ ಎದುರುಮನೆಯ ಹೆಂಗಸು ಕೂಡ ನುಣುಪಾದ ಹೊಸ ಗೋಡೆಯ ಮೇಲಿಂದ ಜಾರಿ ಬಂದು, ಸೀರೆ ಸರಿಮಾಡಿಕೊಳ್ಳುತ್ತ, "ಇನ್ನೊಂದು ಸಲ" ಎಂದಳು. ಅತ್ತೆಯಂತೂ ಹೊಸ ಕೋಣೆ ಬಂದ ಹಾಗೆಲ್ಲ ಮಂಚವನ್ನು ಮೇಲೆ ಮೇಲೆ ಸಾಗಿಸಿ, ಕೊನೆಗೆ ಛಾವಣಿಯ ಕೆಳಗಿನ ತುತ್ತತುದಿಯ ಕೋಣೆಗೆ ಹೋಗಿ ಕೂತರು.

"ಈ ಊರನ್ನ ಮೇಲಿಂದ ನೋಡಿದ್ದು ಇದೇ ಮೊದಲು" ಎಂದು ಅಲ್ಲಿಂದ ಕೂಗಿದರು. "ಪೇಟೆ ಗಂಡಸರ ನೆತ್ತಿ ಎಲ್ಲಾ ಬೋಳು ಕಣೇ, ಕುಸುಮಾ!"

ನನಗೂ ಒಂದು ಕೋಣೆ ಬಂತು, ಅದನ್ನು ಮುಚ್ಚಿಡಬಾರದು. ಅಡುಗೆಮನೆಗೂ ಮೆಟ್ಟಿಲಿಗೂ ನಡುವೆ, ಒಬ್ಬರು ಕೂರುವಷ್ಟು ಜಾಗ. ಮೊಣಕೈಯೂರಲು ಸರಿಯಾದ ಎತ್ತರದಲ್ಲಿ ಒಂದು ಕಟ್ಟೆ, ಎಡಗಡೆಯಿಂದ ಬೆಳಕು. ವೆಂಕೋಬ ಮೇಷ್ಟ್ರ ಸಂಜೆ ತರಗತಿಯ ಪಾಠವನ್ನು ನಾನು ಅಕ್ಕಿ ಪೀಪಾಯಿಯ ಮೇಲಿಟ್ಟು ಓದುತ್ತಿದ್ದೆ. ಇದನ್ನು ಮನೆ ಯಾವಾಗ ಗಮನಿಸಿತೋ. ಅಲ್ಲಿ ಕೂತು ಗೋಡೆಗೆ ಕೆನ್ನೆಯಿಟ್ಟೆ. ಒಳಗೆ ಕಟ್ಟು ಬಿಚ್ಚಿದ ಕರು ನೆಗೆಯುವಂಥ ಮಿಡಿತ. ನಾನು ಒಬ್ಬಳೇ ಗಟ್ಟಿಯಾಗಿ ನಕ್ಕುಬಿಟ್ಟೆ.

ಆದರೆ ಮೇಲೆ ಹೋಗಿ ಛಾವಣಿಯನ್ನು ಬೆರಳಿನಿಂದ ತಟ್ಟಿ ನೋಡಿದಾಗ ನಗು ನಿಂತಿತು. ಮಡಿಕೆಗಳು ಸಡಿಲವಾಗಿದ್ದವು. ಈ ಮನೆ ಬಿಟ್ಟರೆ ನಮಗೆ ಬೇರೆ ನೆಲೆಯಿಲ್ಲ. ಕೊಡೆ ಬಿಚ್ಚುವುದರೊಳಗೆ ಹೇಗಾದರೂ ಮಾಡಿ ಇದಕ್ಕೆ ಜ್ವರ ಬರಿಸಬೇಕಿತ್ತು. ಕೆಳಗಿಳಿದು ಗಂಡನನ್ನು ಹಿಡಿದು ಕೇಳಿದೆ.

"ಇದು ನಿಮ್ಮಣ್ಣನ ಮನೆಯ ತುಂಡು ತಾನೇ? ಆ ಮನೆಗೆ ಜ್ವರ ಇನ್ನೂ ಇದೆ. ಇದಕ್ಕೆ ಹೇಗೆ ಬಿಟ್ಟಿತು?"

ಅವರು ಬಳೆಯ ಗೊಂಚಲನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಿದರು. "ಬಿಡೋಕೆ... ಇದ್ದರೆ ತಾನೇ?"

"ಅಂದರೆ?"

"ತುಂಡಲ್ಲ ಕಣೇ ಇದು. ಪುಡಿ. ಹಳೇಪೇಟೆ ಮನೆಯೊಂದು ಹಾರಿತ್ತಲ್ಲ, ಆಗ ಟವೆಲ್ಲಲ್ಲಿ ಹಿಡಿದಿಟ್ಟುಕೊಂಡಿದ್ದೆ."

ಮೇಲಿಂದ ಅತ್ತೆಗೆ ಎಲ್ಲ ಕೇಳಿಸುತ್ತಿತ್ತು. "ಲೋ ಓಂಕಾರಿ, ಪುಡಿ ಬಿತ್ತಿ ಯಾರಾದರೂ ಸಂಸಾರ ಮಾಡ್ತಾರೇನೋ!"

"ಮತ್ತೇನು, ಆ ಅಣ್ಣ ಚಂದ್ರಪ್ಪನ ಮುಂದೆ ಹೋಗಿ ಗೋಡೆ ಕೊಡು ಅಂತ ಕೈ ಚಾಚಲೇ? ನನ್ನ ಮದುವೆ ಊಟದ ಪಂಕ್ತಿಯಲ್ಲೇ, 'ತುಪ್ಪ ಬಡಿಸುವಾಗ ನನ್ನ ತಮ್ಮನ ಕೈ ನಡುಗುತ್ತೆ, ಜಿಪುಣ' ಅಂದವನು!"

"ನಡುಗುತ್ತಲ್ಲೋ!" ಎಂದರು ಅತ್ತೆ.

ಪುಡಿಯಿಂದ ಎದ್ದ ಮನೆಗೆ ಯಾಕೆ ಜ್ವರವಿರುವುದಿಲ್ಲ ಎಂಬುದನ್ನು ವೆಂಕೋಬ ಮೇಷ್ಟ್ರು ನಮಗೆ ಸಂಜೆ ತರಗತಿಯಲ್ಲಿ ಹೇಳಿದ್ದರು. ನಾನು ಅರ್ಥಮಾಡಿಕೊಂಡದ್ದು ಇಷ್ಟು, ತಪ್ಪೂ ಇರಬಹುದು. ಜ್ವರವೆಂದರೆ ಒಂದು ವೈರಾಣು. ಎರಡೆಳೆಯ ಜಡೆ ಹೆಣೆದ ಹಾಗೆ ಆರ್‌ಎನ್‌ಎ, ಅದಕ್ಕೊಂದು ಚಿಕ್ಕ ಕರಡಿಗೆ, ಅಷ್ಟೇ ಅದರ ಆಸ್ತಿ. ಅವುಗಳದ್ದು ಒಂದು ಕುಟುಂಬ. ಅಣಬೆ, ಬೂಷ್ಟುಗಳೇ ಅದರ ಊರು. ಗಾಳಿಯಲ್ಲಿ ಹಾರದು, ನೀರಿನಲ್ಲಿ ಈಜದು, ಸೊಳ್ಳೆಯ ಬೆನ್ನೇರದು. ಎರಡು ಅಣಬೆಗಳ ಎಳೆಗಳು ಒಪ್ಪಿ, ಅಪ್ಪಿ, ಒಂದಾದರೆ ಮಾತ್ರ ಇಲ್ಲಿಂದ ಅಲ್ಲಿಗೆ ದಾಟುತ್ತದೆ. ಪುಡಿಗೆ ಮಾತ್ರ ಹೆಚ್ಚಾಗಿ ದಾಟುವುದೇ ಇಲ್ಲ. ಇದನ್ನು ಒಮ್ಮೆ ಅತ್ತೆಗೆ ವಿವರಿಸಿದಾಗ ಅವರು, "ಹೊಸಿಲು ದಾಟೋದೇ ಇಲ್ಲ ಅನ್ನು. ಪಾಪ, ನಮ್ಮ ಕಾಲದ ಸೊಸೇರ ಹಾಗೆ" ಎಂದಿದ್ದರು.

ಈಗ ನಮ್ಮ ಮನೆಯನ್ನು ಒಪ್ಪುವ, ಜ್ವರವಿರುವ ಇನ್ನೊಂದು ಮನೆ ಬೇಕು. ಇದಕ್ಕೆ ನಮ್ಮಲ್ಲಿ ತಟ್ಟೆ ನೋಡುವುದು ಎಂದು ಹೆಸರು. ಎರಡು ಮನೆಗಳ ಗೋಡೆಯಿಂದ ಒಂದೊಂದು ಚೂರು ತೆಗೆದು, ಒದ್ದೆ ಬಟ್ಟೆ ಹಾಸಿದ ತಟ್ಟೆಯಲ್ಲಿ ಎದುರೆದುರು ಕೂರಿಸಿ ಮುಚ್ಚಿಡುತ್ತಾರೆ. ಎರಡು ಕಡೆಯವರೂ ಕೂತು ಉಪ್ಪಿಟ್ಟು ತಿನ್ನುತ್ತಾರೆ, ಬಾರದ ನಗು ನಗುತ್ತಾರೆ. ಆಮೇಲೆ ಮುಚ್ಚಳ ತೆಗೆದಾಗ ಎರಡೂ ಚೂರುಗಳ ಬಿಳಿ ಕೂಡಿಕೊಂಡಿದ್ದರೆ ಸಂಬಂಧ ಕೂಡಿತು. ನಡುವೆ ಕಾಡಿಗೆ ಎಳೆದಂತೆ ಕಪ್ಪು ಗೆರೆ ಬಿದ್ದಿದ್ದರೆ ಮನೆಗಳಿಗೆ ಒಪ್ಪಿಗೆಯಿಲ್ಲ. ಉಪ್ಪಿಟ್ಟು ತಿಂದದ್ದಷ್ಟೇ ಲಾಭ. ಮನೆಗಳ ಮನಸ್ಸು ಯಾರಿಗೂ ತಿಳಿಯದು. ದಿನವೂ ಜಗಳವಾಡುವ ನೆರೆಹೊರೆಯವರ ಗೋಡೆಗಳು ಅಪ್ಪಿಕೊಂಡಿರುತ್ತವೆ, ಪ್ರಾಣ ಸ್ನೇಹಿತರ ಗೋಡೆಗಳು ಕಪ್ಪುಗೆರೆ ಎಳೆದುಕೊಂಡು ಕೂತಿರುತ್ತವೆ.

ನಾನು ತಟ್ಟೆ ಹಿಡಿದು ಬೀದಿ ಬೀದಿ ಅಲೆದೆ. ಎದುರುಮನೆ, ಕಪ್ಪು ಗೆರೆ. ಗಿರಣಿ ಮನೆ, ಕಪ್ಪು ಗೆರೆ. ವೆಂಕೋಬ ಮೇಷ್ಟ್ರ ಮನೆಯದಂತೂ ಗೆರೆಯಲ್ಲ, ಗೋಡೆಯ ಮಧ್ಯೆ ಇನ್ನೊಂದು ಗೋಡೆ. ಉಪ್ಪಿಟ್ಟಿನ ತಟ್ಟೆ ಬಂದರೆ ಹಿಂದಕ್ಕೆ ತಳ್ಳತೊಡಗಿದೆ. ಕೊನೆಗೆ ನನ್ನ ಗಂಡ ಚಪ್ಪಲಿ ಮೆಟ್ಟಿಕೊಂಡರು. ಅಣ್ಣನ ಮನೆಗೆ ಹೊರಟಿದ್ದಾರೆಂದು ತಿಳಿದು ನಾನೂ ತಟ್ಟೆ ಹಿಡಿದು ಹಿಂದೆಯೇ ಹೋದೆ.

ಚಂದ್ರಪ್ಪ ಭಾವ ಬಾಗಿಲಲ್ಲೇ ನಿಂತಿದ್ದರು. ಅಣ್ಣತಮ್ಮ ಒಬ್ಬರನ್ನೊಬ್ಬರು ನೋಡಿದರು. ನನ್ನ ಗಂಡ ಬಗ್ಗಿ ಕಾಲು ಮುಟ್ಟಿದರು, ಭಾವ ಎತ್ತಿ ಅಪ್ಪಿಕೊಂಡರು, ಇಬ್ಬರೂ ಅತ್ತರು, ನಾನೂ ಅತ್ತುಬಿಟ್ಟೆ. "ತುಪ್ಪದ ಮಾತು ನಾನು ಆಡಬಾರದಿತ್ತು ಕಣೋ" ಎಂದರು ಭಾವ. "ನಾನೂ ಒಂದು ಚಮಚ ಜಾಸ್ತಿ ಬಡಿಸಬಹುದಿತ್ತು ಅಣ್ಣಾ" ಎಂದರು ಇವರು. ಇಷ್ಟು ಚೆನ್ನಾಗಿ ಕೂಡಿದ ಮೇಲೆ ಗೋಡೆಗಳು ಕೂಡದಿರುತ್ತವೆಯೇ ಎಂದು, ಕಣ್ಣೊರೆಸಿಕೊಂಡು ಚೂರುಗಳನ್ನು ಕೂರಿಸಿ, ಉಪ್ಪಿಟ್ಟು ಮುಗಿಸಿ ತಟ್ಟೆಯ ಮುಚ್ಚಳ ತೆಗೆದೆವು.

ಕಪ್ಪು ಗೆರೆ. ಹಬ್ಬದ ದಿನ ಮಗುವಿಗೆ ಹುಬ್ಬು ತೀಡಿದ ಹಾಗೆ ದಪ್ಪಗೆ.

"ಅತ್ತದ್ದೆಲ್ಲ ದಂಡ" ಎಂದರು ಭಾವ. ನನ್ನ ಗಂಡ ಮೊದಲು ಕಿಸಕ್ಕೆಂದರು, ಆಮೇಲೆ ಅವರಣ್ಣ. ಇಬ್ಬರೂ ಗೋಡೆಗೊರಗಿ ಕಣ್ಣಲ್ಲಿ ನೀರು ಬರುವಂತೆ ನಗತೊಡಗಿದರು. ಭಾವ ಮಾತ್ರ ಚಪ್ಪಲಿ ಹಾಕಿಕೊಂಡು ನಮ್ಮ ಜೊತೆಗೇ ಬಂದರು; ಮನೆ ಹಾರಿದರೆ ಪಾತ್ರೆ ಹೊರಲು ಜನ ಬೇಕಲ್ಲ ಎಂದರು.

ನಾವು ಬರುವಷ್ಟರಲ್ಲಿ ಛಾವಣಿಯ ಒಂದು ಅಂಚು ಮೇಲೆದ್ದಿತ್ತು. ಕೆಳಗೆ ಬೀದಿ ತುಂಬ ಜನ. ಮೇಲೆ ಅತ್ತೆ ಆ ಸಂದಿನಿಂದ ತಲೆ ಹೊರಗೆ ಹಾಕಿ ಗಾಳಿ ಕುಡಿಯುತ್ತಿದ್ದರು.

"ಅವ್ವಾ, ಇಳಿದು ಬಾ!" ಎಂದು ಕೂಗಿದರು ನನ್ನ ಗಂಡ.

"ಇಳಿಯೋದಿಲ್ಲ. ಮನೆ ಇದ್ದರೆ ನಾನೂ ಇರ್ತೀನಿ, ಹಾರಿದರೆ ನಾನೂ ಹಾರ್ತೀನಿ. ಕುಸುಮಾ, ಕೇಳಿಲ್ಲಿ. ಮಾರ್ಕೆಟ್ ಪಕ್ಕದ್ದರ ಛಾವಣಿ ನಮ್ಮದರ ಹಾಗೇ ಎಡಕ್ಕೆ ಮಡಚಿದೆ. ಊರಲ್ಲಿ ಬೇರೆ ಯಾವುದೂ ಹಾಗಿಲ್ಲ, ಎರಡೂ ಒಂದೇ ಕುಲದವೇನೋ. ಅದನ್ನ ಕೇಳಿದಿರಾ?"

"ಮಾರ್ಕೆಟ್ ಪಕ್ಕದ್ದು ಯಾವುದು?" ಎಂದರು ಭಾವ. ಆಮೇಲೆ ಅವರಿಗೇ ಹೊಳೆದು, ಬಾಯಿಗೆ ಟವೆಲ್ಲು ಒತ್ತಿಕೊಂಡರು.

ಅದು ಪುರಸಭೆಯ ಸಾರ್ವಜನಿಕ ಶೌಚಾಲಯ.

ನನ್ನ ಗಂಡನ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ನೇರ ಓಡಿದೆ. ಅಲ್ಲಿನ ಉಸ್ತುವಾರಿ ಕರಿಬಸಣ್ಣ. ಇಸ್ತ್ರಿ ಮಾಡಿದ ಅಂಗಿ, ತಿರುವಿದ ಮೀಸೆ. ನಾನು ಬಂದ ಕಾರಣ ಹೇಳಿದ್ದೇ ತಡ, ಅವರು ಕುರ್ಚಿಯಲ್ಲಿ ಸ್ವಲ್ಪ ಹಿಂದಕ್ಕೊರಗಿ ಗಂಡಿನ ಕಡೆಯವರಾಗಿಬಿಟ್ಟರು.

"ನಮ್ಮದು ದೊಡ್ಡ ಮನೆತನ ತಾಯಿ. ದಿನಾ ಊರೇ ಬಂದು ಹೋಗುತ್ತೆ. ಜ್ವರವೂ ಖಾನ್‌ದಾನಿ ಜ್ವರ, ನಾನು ಕಂಡಂತೆ ಗೋಡೆ ಕಡ್ಡಿಯಷ್ಟೂ ಬೆಳೆದಿಲ್ಲ. ನಿಮ್ಮ ಮನೆ ನಡತೆ ಹೇಗೆ? ಕುಣೀತದೆ ಅಂತ ಕೇಳಿದೆ."

"ವಯಸ್ಸಿನ ಹುಡುಗಾಟ, ಕರಿಬಸಣ್ಣಾ. ಒಂದು ಕಡೆ ಸೇರಿದರೆ ಸರಿಹೋಗುತ್ತೆ." ಹೀಗೆ ಮಾತಾಡಲು ನನಗೆ ಬರುತ್ತದೆಂದು ನನಗೇ ಗೊತ್ತಿರಲಿಲ್ಲ.

"ಉಪ್ಪಿಟ್ಟು ಬೇಡ. ಕೇಸರಿಬಾತ್ ಆದರೆ ತಟ್ಟೆ ಇಡಿ."

ಕೇಸರಿಬಾತಿಗೆ ಹೋಟೆಲಿಗೆ ಹೇಳಿ ಕಳಿಸಿ ತಟ್ಟೆಯಿಟ್ಟೆ. ಅವರು ಎರಡನೇ ಸಲ ಹಾಕಿಸಿಕೊಂಡು ಮುಗಿಸುವವರೆಗೆ ಕಾದು, ಮುಚ್ಚಳ ತೆಗೆದೆ. ಎರಡು ಚೂರುಗಳ ನಡುವೆ ಗೆರೆಯಿರಲಿಲ್ಲ. ಎಲ್ಲಿ ನಮ್ಮದು ಮುಗಿದು ಎಲ್ಲಿ ಅವರದು ಶುರುವೆಂದು ಕೂಡ ತಿಳಿಯದ ಹಾಗೆ ಬಿಳುಪು ಬೆರೆತಿತ್ತು. ಕರಿಬಸಣ್ಣ ಎದ್ದು ನಿಂತು ಕೈಮುಗಿದರು. "ಬೀಗರೇ" ಎಂದರು.

ನಾನು ವಾಪಸು ಬಂದರೆ ನನ್ನ ಗಂಡ ನಮ್ಮ ಮನೆ ಬಾಗಿಲಿಗೆ ಅಡ್ಡ ಕೂತುಬಿಟ್ಟಿದ್ದರು. "ಕಕ್ಕಸಿನ ಗೋಡೆ ನನ್ನ ಅಡುಗೆಮನೆಯಲ್ಲಿ? ಅದಕ್ಕಿಂತ ಮನೆ ಹಾರಿಹೋಗಲಿ." ಹಾಗೆಂದದ್ದು ಯಾಕೆಂದರೆ, ಕಸಿ ಬೇಗ ಹಿಡಿಯುವುದು ಬೆಚ್ಚಗಿರುವ ಅಡುಗೆಮನೆಯ ಗೋಡೆಯಲ್ಲೇ. ಅಷ್ಟೇ ಅಲ್ಲ, ಕಸಿಯ ಹಲಗೆಯನ್ನು, ಅಂದರೆ ಬೀಗರ ಗೋಡೆಯಿಂದ ಕೊಯ್ದ ಅಗಲ ತುಂಡನ್ನು, ಮನೆಯ ಯಜಮಾನನೇ ಬರಿತಲೆಯ ಮೇಲೆ ಹೊತ್ತು, ಯಾವ ಮನೆಯದೆಂದು ಕೂಗಿ ಹೇಳುತ್ತ ಪೇಟೆಬೀದಿಯಲ್ಲೇ ಬರಬೇಕು. ಇದು ನಮ್ಮೂರ ಕಟ್ಟಳೆ. ಯಾರ ಮನೆಗೆ ಯಾರ ಜ್ವರ ಎಂಬುದು ಊರಿಗೆ ತಿಳಿದಿರಬೇಕೆಂದು.

ಅಷ್ಟರಲ್ಲಿ ಛಾವಣಿಯ ಇನ್ನೊಂದು ಅಂಚೂ ಎದ್ದಿತು. ಅತ್ತೆಯ ಬಿಳಿಕೂದಲು ಗಾಳಿಯಲ್ಲಿ ನೇರ ನಿಂತಿತ್ತು. "ಗೋಡೆಗೆ ಮೂಗಿಲ್ಲ ಕಣೋ ಓಂಕಾರಿ! ಮೂಗಿರೋದು ನಿನಗೆ!" ಎಂದು ಅವರು ಕೂಗಿದ್ದು ಬೀದಿಗೆಲ್ಲ ಕೇಳಿಸಿತು. ಇವರು ಮೇಲೆ ನೋಡಿದರು. ಆ ಎತ್ತರದಲ್ಲಿ ತಮ್ಮ ತಾಯಿ ಎಷ್ಟು ಚಿಕ್ಕದಾಗಿ ಕಾಣುತ್ತಾರೆಂದು ಆಗ ತಿಳಿಯಿತೇನೋ, ಎದ್ದು ಮಾರ್ಕೆಟ್ಟಿನ ಕಡೆ ನಡೆದರು.

ಹಲಗೆ ಹೊತ್ತು ಹೊರಟಾಗ, ಭಾವ ಆಮೇಲೆ ಹೇಳಿದ ಪ್ರಕಾರ, ಅವರ ದನಿ ಪಿಸುಮಾತಿನಷ್ಟೇ ಇತ್ತು. "ಸಾರ್ವಜನಿಕ... ಮನೆಯಿಂದ... ನನ್ನ ಮನೆಗೆ."

"ಕೇಳಿಸ್ತಾ ಇಲ್ಲ ಓಂಕಾರಿ!" ಎಂದಿತು ಪೇಟೆ. "ಬೀಗರು ಗಂಡಸರ ಕಡೆಯವರೋ ಹೆಂಗಸರ ಕಡೆಯವರೋ?"

"ತುಪ್ಪ ಕಮ್ಮಿ ಅಂದವನನ್ನೇ ಅಣ್ಣ ಅಂತ ಅಪ್ಪಿಕೊಂಡೆ" ಎಂದು ಇವರು ನಿಂತು ಹೇಳಿದರು, "ನಿಮಗೆಲ್ಲ ಹೆದರ್ತೀನೇನ್ರಯ್ಯಾ?" ಆಮೇಲೆ ಎದೆ ತುಂಬ ಉಸಿರೆಳೆದುಕೊಂಡು, "ಸಾರ್ವಜನಿಕ ಶೌಚಾಲಯದ ಜ್ವರ ಬರ್ತಿದೆ, ದಾರಿ ಬಿಡ್ರೋ!" ಎಂದು ಕೂಗಿದರು. ಪೇಟೆ ಬಿದ್ದು ಬಿದ್ದು ನಕ್ಕಿತು. ಅವರಿಗೂ ನಗು ಬಂದು ಹಲಗೆ ತಲೆಯ ಮೇಲೆ ಕುಣಿಯಿತು. ಭಾವ ಮುಂದೆ ಚಪ್ಪಾಳೆ ತಟ್ಟುತ್ತ ನಡೆದರು, ಹಿಂದೆ ಕರಿಬಸಣ್ಣ ದಿಬ್ಬಣದ ಗತ್ತಿನಲ್ಲಿ ಮೀಸೆ ತೀಡುತ್ತ ಬಂದರು. ಮನೆ ಮುಟ್ಟುವಾಗಲೂ ನನ್ನ ಗಂಡ ಕುಣಿಯುತ್ತಲೇ ಇದ್ದರು.

ನಾನು ಅಡುಗೆಮನೆಯ ಗೋಡೆಯನ್ನು ಹಲಗೆಯ ಅಳತೆಗೆ ಕೊಯ್ದು ಕಾದಿದ್ದೆ. ಕೊಯ್ದಲ್ಲಿ ಅಂಗೈಯಿಟ್ಟೆ. ಆ ಮಿಡಿತ ಇನ್ನೂ ಅಷ್ಟೇ ಜೋರು. ಅದಕ್ಕೆ ಏನೂ ಗೊತ್ತಿರಲಿಲ್ಲ. ನಮಗಾಗಿ ಬಾಲ್ಕನಿ, ಕಿಟಕಿ, ಮೊಣಕೈಗೆ ಕಟ್ಟೆ ಎಲ್ಲ ಬಿಟ್ಟು, ಈಗ ತನ್ನ ಕೊಡೆ ಬಿಚ್ಚುವ ಸಂಭ್ರಮದಲ್ಲಿದ್ದ ಜೀವಕ್ಕೆ ನಾನು ಕಾಯಿಲೆ ಹಚ್ಚಲು ನಿಂತಿದ್ದೆ. ಹಲಗೆ ಕೈಗೆ ಬಂತು. ಕೂರಿಸಬೇಕು, ಅಷ್ಟೇ.

"ಕೂರಿಸೇ, ಇನ್ನೇನು ನೋಡ್ತೀಯಾ!" ಎಂದರು ನನ್ನ ಗಂಡ.

ಮೇಲಿಂದ ಅತ್ತೆಯ ದನಿ ಬಂತು. ಈ ಸಲ ಕೂಗಲ್ಲ, ಕೇಳಿಕೆ. "ಕುಸುಮಾ, ತಡೀತೀಯಾ? ಒಂದೇ ಒಂದು ಸಲ ಉಸಿರು ಬಿಡಲಿ ಅದು."

ತಡೆದರೆ ಏನಾಗಬಹುದೆಂದು ನನಗೆ ಗೊತ್ತಿತ್ತು. ಒಂದು ಉಸಿರಿಗೇ ಇಡೀ ಮನೆ, ಅತ್ತೆಯೂ ಸೇರಿ, ಹೋಗಬಹುದಿತ್ತು. ಬಾಗಿಲು ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸು ಬಂದು ನೋಡುವವಳು ನಾನು. ಹಲಗೆಯನ್ನು ಎದೆಗೊತ್ತಿಕೊಂಡು ತಡೆದೆ. ಯಾಕೆ ತಡೆದೆನೆಂದು ಇವರು ಇವತ್ತಿಗೂ ಕೇಳುತ್ತಾರೆ.

ಛಾವಣಿ ಬಿಚ್ಚಿತು. ದೊಡ್ಡ ಬೀಸಣಿಗೆ ತೆರೆದಂಥ ಸದ್ದು. ಬಿಸಿಲು ಒಮ್ಮೆಗೇ ಅಡುಗೆಮನೆಯವರೆಗೆ ಸುರಿಯಿತು, ಮನೆಯೊಡಲಿಂದ ಬಿಳಿ ಪುಡಿ ಬುಸ್ಸೆಂದು ಎದ್ದು ಬೀದಿಯ ಮೇಲೆ, ಪೇಟೆಯ ಮೇಲೆ ಹರಡಿತು. ಊರಿಗೆ ಊರೇ ಸೀನಿತು, ಸೀನಿನ ನಡುವೆ ನಕ್ಕಿತು. ಹಜಾರದ ಗೋಡೆಯ ಮೇಲ್ತುದಿ ಪುಡಿಯಾಗಿ ಉದುರತೊಡಗಿದ್ದನ್ನು ಕಂಡೆ. ಆಗ ಹಲಗೆಯನ್ನು ಕೊಯ್ದ ಜಾಗಕ್ಕೆ ಕೂರಿಸಿ, ಬೆನ್ನು ಕೊಟ್ಟು ಒತ್ತಿ ನಿಂತೆ. ನನ್ನ ಪಕ್ಕ ನನ್ನ ಗಂಡ, ಅವರ ಪಕ್ಕ ಭಾವ, ಕರಿಬಸಣ್ಣ. ನಾಲ್ವರೂ ಗೋಡೆಗೆ ಬೆನ್ನು ಹಚ್ಚಿ, ಹಿಟ್ಟಿನ ಗೊಂಬೆಗಳಂತೆ ಬೆಳ್ಳಗಾಗಿ ನಿಂತೆವು. ಬೆನ್ನ ಹಿಂದೆ ಏನೋ ಏನನ್ನೋ ಹಿಡಿದುಕೊಂಡಿತು. ಆಮೇಲೆ ನಿಧಾನವಾಗಿ, ಮೊದಲು ನನ್ನ ಬೆನ್ನಿಗೆ, ಆಮೇಲೆ ಗೋಡೆಯಿಂದ ಗೋಡೆಗೆ, ಸಣ್ಣ ಬಿಸಿ ಹಬ್ಬಿತು. ಉದುರುವುದು ನಿಂತಿತು. ಛಾವಣಿ ಆಕಳಿಸಿ ಮುಚ್ಚಿಕೊಂಡಿತು.

ಅತ್ತೆ ಮೆಟ್ಟಿಲಿಳಿದು ಬಂದರು. ರೆಪ್ಪೆಯಿಂದ ಸೆರಗಿನ ತುದಿಯವರೆಗೆ ಬಿಳಿ. "ಹಾರಿದೆ" ಎಂದರು. "ಒಂದು ಗೇಣು. ಮಂಚ ಸಮೇತ." ಕರಿಬಸಣ್ಣ ಅವರಿಗೆ ಬಗ್ಗಿ ನಮಸ್ಕಾರ ಮಾಡಿ, "ಬೀಗಿತ್ತಿ, ಇನ್ನು ಯಾವಾಗ ಬೇಕಾದರೂ ಬನ್ನಿ, ನಮ್ಮಲ್ಲಿ ನಿಮಗೆ ಸಾಲು ಇಲ್ಲ" ಎಂದರು.

ಮುಂದಿನ ದಿನಗಳಲ್ಲಿ ಹೊಸ ಕೋಣೆಗಳು ಹಪ್ಪಳದಂತೆ ಒಣಗಿ ಕಳಚಿದವು. ನನ್ನ ಕೋಣೆಯೂ ಹೋಯಿತು. ಆ ಕಟ್ಟೆಯ ಚೂರುಗಳನ್ನು ನಾನೇ ಗುಡಿಸಿದೆ. ಈಗ ಯಾರಾದರೂ ಕೇಳಿದರೆ, ನಮ್ಮ ಮನೆಗೂ ದೇವರ ದಯೆಯಿಂದ ಹುಷಾರಿಲ್ಲ. ಗೋಡೆಗೆ ಕೆನ್ನೆಯಿಟ್ಟರೆ ಬೆಚ್ಚಗಿದೆ, ಒಳಗೆ ಸದ್ದಿಲ್ಲ. ಕಾಯಿಲೆ ಹಚ್ಚಿದ್ದರಿಂದ ಅದಕ್ಕೆ ನೋವಾಯಿತೇ, ಇಲ್ಲಾ ಆ ಒಂದು ಉಸಿರೇ ಅದಕ್ಕೆ ಸಾಕಾಯಿತೇ ಎಂದು ವೆಂಕೋಬ ಮೇಷ್ಟ್ರನ್ನು ಕೇಳಿದೆ. ಅವರು ತಮಗೆ ತಿಳಿಯದು ಎಂದರು. ನನಗೂ ತಿಳಿಯದು.